ಮಾಗದ ಗಾಯ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ನಮ್ಮ ಕಡೆಯ ಮಾತಿನಲ್ಲಿ 'ನಂಜು' ಎಂಬುದು ಬಹಳ ದುಡಿಯುವ ಶಬ್ದ. ಮುಳ್ಳು ಚುಚ್ಚಿದ ಕಾಲು ಬಾತರೆ ನಂಜು. ಬಾಣಂತಿಗೆ ಜ್ವರ ಬಂದರೆ ನಂಜು. ಬದನೆಕಾಯಿ ತಿಂದು ಮೈ ಕೆರೆದರೆ ನಂಜು. ಆಪರೇಷನ್ ಆದ ಹೊಲಿಗೆ ಕೀವುಗಟ್ಟಿದರೂ ನಂಜೇ. ಒಂದೇ ಶಬ್ದ ಇಷ್ಟು ಕೆಲಸವನ್ನು ಹೊತ್ತಾಗ ಒಂದು ತೊಂದರೆಯುಂಟು. ಶಬ್ದ ಸಿಕ್ಕಿದ ಕೂಡಲೆ ಕಾರಣವೂ ಸಿಕ್ಕಿತೆಂದು ಮನಸ್ಸು ಸುಮ್ಮನಾಗಿಬಿಡುತ್ತದೆ. 'ಯಾವ ನಂಜು?' ಎಂದು ಮುಂದಕ್ಕೆ ಕೇಳುವವರು ಕಡಮೆ. ಶಸ್ತ್ರಕ್ರಿಯೆಯಾದ ಮೇಲೆ ಬರುವ ನಂಜುಗಳಲ್ಲಿ, ಅದರಲ್ಲಿಯೂ ಅಪರೂಪದ ನಂಜುಗಳಲ್ಲಿ, ಆ ಪ್ರಶ್ನೆಯನ್ನು ವೈದ್ಯರು ಹೇಗೆ ಕೇಳುತ್ತಾರೆ, ಉತ್ತರ ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವವಳಿಗೆ ಈ ವಿಷಯ ಏಕೆಂದು ಮಿತ್ರರು ಕೇಳಬಹುದು. ನಮ್ಮ ಕಾಲೇಜಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ನಮ್ಮಲ್ಲಿ ಹಲವರು ಮನೆಗೆ ಮೊದಲ ಪದವೀಧರರಾಗುವವರು. ಅಂಥ ಮನೆಗಳಲ್ಲಿ ಬ್ಯಾಂಕಿನ ಕಾಗದ, ಕಂದಾಯದ ನೋಟೀಸು, ಆಸ್ಪತ್ರೆಯ ಚೀಟಿ ಎಲ್ಲವೂ ಕೊನೆಗೆ ಬಂದು ಬೀಳುವುದು ಓದುವ ಮಗಳ ಅಥವಾ ಮಗನ ಕೈಗೆ. 'ಇದರಲ್ಲಿ ಏನು ಬರೆದವ್ರೆ, ನೋಡು' ಎಂದರೆ ನಾನು ಕಲಾ ವಿಭಾಗದವಳೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಅಲ್ಲದೆ ಈ ಸಂಗತಿ ನಮ್ಮ ಪ್ರದೇಶಕ್ಕೆ ದೂರದ್ದೂ ಅಲ್ಲ. ೨೦೨೪ರ ಫೆಬ್ರವರಿ ತಿಂಗಳಲ್ಲಿ ಪಾವಗಡದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹಾಗೂ ಸ್ತ್ರೀರೋಗ ಸಂಬಂಧವಾದ ಶಸ್ತ್ರಕ್ರಿಯೆಗೆ ಒಳಗಾದ ಮಹಿಳೆಯರ ಪೈಕಿ ಮೂವರು ತೀರಿಕೊಂಡರು. ಶಸ್ತ್ರಕ್ರಿಯೆಯ ಸಲಕರಣೆಗಳನ್ನು ಕ್ರಿಮಿರಹಿತಗೊಳಿಸುವುದರಲ್ಲಿ ಲೋಪವಾಗಿ ಸೋಂಕು ತಗುಲಿರಬೇಕೆಂಬ ಅನುಮಾನ ತನಿಖೆಯಲ್ಲಿ ಎದ್ದಿತು; ಸರ್ಕಾರ ಸಿಬ್ಬಂದಿಯ ಮೇಲೆ ಕ್ರಮ ಕೈಗೊಂಡಿತು. ಆ ದಿನಗಳಲ್ಲಿ ನಮ್ಮ ಬಸ್ಸುಗಳಲ್ಲೂ ಹೋಟೆಲುಗಳಲ್ಲೂ ಇದೇ ಮಾತು. ಯಾರದು ತಪ್ಪು ಎಂಬ ಚರ್ಚೆ ಬಹಳ ನಡೆಯಿತು, ನಡೆಯಬೇಕಾದದ್ದೇ. ಆದರೆ ಶಸ್ತ್ರಕ್ರಿಯೆಯಾದ ಒಬ್ಬ ಹೆಂಗಸಿನ ಮೈಯಲ್ಲಿ ಏನು ಕೆಡುತ್ತಿದೆ, ಅದನ್ನು ಎಷ್ಟು ಬೇಗ ಯಾವ ಗುರುತಿನಿಂದ ತಿಳಿಯಬಹುದಿತ್ತು ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಮೊದಲ ಗುರುತು ಗಾಯದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಶಸ್ತ್ರಕ್ರಿಯೆ ನಡೆದ ತಾರೀಖಿನಿಂದ ಎಷ್ಟನೆಯ ದಿನಕ್ಕೆ ಗಾಯ ಕೆಟ್ಟಿತು ಎಂಬುದೊಂದರಿಂದಲೇ ಅನುಭವವುಳ್ಳ ವೈದ್ಯರು ಅರ್ಧ ದಾರಿ ಕ್ರಮಿಸುತ್ತಾರೆ. ಪ್ರತಿಯೊಂದು ಸೂಕ್ಷ್ಮಜೀವಿಗೂ ಅದರದೇ ಆದ ವೇಗವುಂಟು. ಹುರುಳಿ ಮೂರು ದಿನಕ್ಕೆ ಮೊಳೆತರೆ ಹುಣಸೆ ಬೀಜ ವಾರಗಟ್ಟಲೆ ನೆಲದೊಳಗೆ ಕುಳಿತಿರುವ ಹಾಗೆ.

ಮೊದಲ ಎರಡು ದಿನಗಳಲ್ಲಿಯೇ ಜ್ವರವೇರಿ ಗಾಯ ವಿಪರೀತ ನೋಯತೊಡಗಿದರೆ ಎರಡು ಜಾತಿಯ ಜೀವಿಗಳ ಮೇಲೆ ಶಂಕೆ ಹೋಗಬೇಕು. ಒಂದು ಸ್ಟ್ರೆಪ್ಟೊಕಾಕಸ್, ಚರ್ಮದಡಿಯ ಪದರಗಳಲ್ಲಿ ಗಂಟೆ ಗಂಟೆಗೂ ಹರಡುತ್ತಾ ಹೋಗುವಂಥದು. ಇನ್ನೊಂದು ಕ್ಲಾಸ್ಟ್ರಿಡಿಯಮ್. ಈ ಎರಡನೆಯದರ ಹೆಸರು ಹೊಸದಾಗಿ ಕಂಡರೂ ಅದರ ದಾಯಾದಿ ನಮ್ಮ ಕುರಿ, ದನ ಸಾಕುವವರಿಗೆಲ್ಲ ಗೊತ್ತು. ದನಗಳಿಗೆ ಬರುವ ಚಪ್ಪೆರೋಗದಲ್ಲಿ ತೊಡೆ ಬಾತುಕೊಂಡು, ಒತ್ತಿದರೆ ಒಣಗಿದ ಎಲೆ ತುಳಿದಂತೆ ಚರಚರ ಸದ್ದಾಗುತ್ತದಷ್ಟೆ. ಮಾಂಸದೊಳಗೆ ಗಾಳಿಗುಳ್ಳೆ ತುಂಬಿದ್ದರಿಂದ ಆಗುವ ಸದ್ದು ಅದು. ಮನುಷ್ಯರ ಗಾಯದಲ್ಲಿಯೂ ಇದೇ ಕುಲದ ಜೀವಿ ಸೇರಿದರೆ ಅದೇ ಸದ್ದು, ತೆಳುವಾದ ದುರ್ವಾಸನೆಯ ನೀರು, ಕಂದಿದ ಚರ್ಮ. ಇಲ್ಲಿ ಪ್ರಯೋಗಶಾಲೆಯ ವರದಿಗಾಗಿ ಕಾದು ಕುಳಿತರೆ ರೋಗಿ ಉಳಿಯುವುದಿಲ್ಲ. ಕೆಟ್ಟ ಮಾಂಸವನ್ನು ಕೂಡಲೆ ಕತ್ತರಿಸಿ ತೆಗೆಯಬೇಕಾಗುತ್ತದೆ. ನಮ್ಮ ಊರುಗಳ ಕುರಿಗಾಹಿಗಳು ಬೆರಳಿನಿಂದ ಒತ್ತಿ ಕಂಡುಹಿಡಿಯುವ ಗುರುತನ್ನೇ ಶಸ್ತ್ರವೈದ್ಯರೂ ಬಳಸುತ್ತಾರೆಂಬುದು ನನಗೆ ಸಂತೋಷ ಕೊಟ್ಟ ಸಂಗತಿ.

ಇದೇ ಮೊದಲ ದಿನಗಳಲ್ಲಿ ಮೋಸಮಾಡುವ ಇನ್ನೊಂದು ಬಗೆಯುಂಟು. ಸ್ಟ್ಯಾಫಿಲೊಕಾಕಸ್ ಎಂಬ ಜೀವಿಯ ಕೆಲವು ತಳಿಗಳು ಒಂದು ವಿಷವನ್ನು ಉತ್ಪತ್ತಿಮಾಡುತ್ತವೆ. ಆಗ ಗಾಯ ನೋಡಲು ಚೆನ್ನಾಗಿಯೇ ಇರುತ್ತದೆ, ಕೆಂಪಿಲ್ಲ, ಕೀವಿಲ್ಲ. ರೋಗಿಗೆ ಮಾತ್ರ ಜ್ವರ, ವಾಂತಿ ಭೇದಿ, ಮೈಮೇಲೆ ಕೆಂಪು ದದ್ದು, ರಕ್ತದೊತ್ತಡದ ಕುಸಿತ. 'ಹೊಲಿಗೆ ಚೆನ್ನಾಗಿದೆ' ಎಂದು ಹೇಳಿ ಮುಂದಿನ ಹಾಸಿಗೆಗೆ ನಡೆದುಬಿಟ್ಟರೆ ಮುಗಿಯಿತು. ಗಾಯವನ್ನು ನೋಡುವುದು ಬೇರೆ, ಗಾಯವಾದ ಮನುಷ್ಯರನ್ನು ನೋಡುವುದು ಬೇರೆ.

ಧನುರ್ವಾಯುವಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಾಮಾನ್ಯವಾಗಿ ೩ರಿಂದ ೨೧ ದಿನಗಳೊಳಗೆ ದವಡೆ ಬಿಗಿಯುತ್ತದೆ. ಹಾಸಿಗೆಯ ಪಕ್ಕದಲ್ಲಿ ನಿಂತು ಕಣ್ಣಿನಿಂದಲೇ ನಿರ್ಣಯಿಸಬೇಕಾದ ಕಾಯಿಲೆ. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಭಾರತಕ್ಕೆ ೨೦೧೫ರಲ್ಲಿ ಮಾನ್ಯತೆ ದೊರೆಯಿತು. ಸೂಲಗಿತ್ತಿಯ ಕುಡುಗೋಲಿನ ಕಥೆಗಳನ್ನು ನಮ್ಮ ಅಜ್ಜಿಯರಿಂದ ಕೇಳಿದವರಿಗೆ ಇದು ಸಣ್ಣ ಮಾತಲ್ಲ.

ಇನ್ನು ನಾಲ್ಕೈದನೆಯ ದಿನದಿಂದ ಹತ್ತನೆಯ ದಿನದವರೆಗೆ ಬರುವ ನಂಜೇ ಎಲ್ಲರೂ ಬಲ್ಲ ನಂಜು. ಹೊಲಿಗೆಯ ಸುತ್ತ ಕೆಂಪು, ಬಿಸಿ, ನೋವು, ಬಳಿಕ ದಪ್ಪನೆಯ ಹಳದಿ ಕೀವು. ಬಹುಪಾಲು ಇದು ಅದೇ ಸ್ಟ್ಯಾಫಿಲೊಕಾಕಸ್ ಮಾಡುವ ಕೆಲಸ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಆಗ್‌ಸ್ಟನ್ ಎಂಬಾತ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದ್ರಾಕ್ಷಿಗೊಂಚಲಿನಂತೆ ಕಂಡ ಈ ಜೀವಿಗೆ ಗ್ರೀಕರ ದ್ರಾಕ್ಷಿಗೊಂಚಲಿನ ಹೆಸರನ್ನೇ ಇಟ್ಟ. ಅದನ್ನು ಪತ್ತೆಮಾಡುವ ಕ್ರಮವೂ ಹಳೆಯದೇ. ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯ ೧೮೮೪ರಲ್ಲಿ ಹೇಳಿಕೊಟ್ಟಂತೆ ಗಾಜಿನ ಪಟ್ಟಿಯ ಮೇಲೆ ಕೀವನ್ನು ಸವರಿ, ಬಣ್ಣ ಹಾಕಿ, ತೊಳೆದು ನೋಡುತ್ತಾರೆ. ನೇರಳೆಯ ಬಣ್ಣವನ್ನು ಹಿಡಿದಿಟ್ಟುಕೊಂಡವು ಒಂದು ಪಂಗಡ, ಬಿಟ್ಟುಕೊಟ್ಟು ಗುಲಾಬಿಯಾದವು ಇನ್ನೊಂದು ಪಂಗಡ. ಮಿಕ್ಕ ಕೀವನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಮೇಲೆ ಬಿತ್ತಿ ಮೈಶಾಖದಲ್ಲಿಟ್ಟರೆ ಒಂದೆರಡು ದಿನದಲ್ಲಿ ಸಾಸಿವೆಯಷ್ಟು ಗಾತ್ರದ ಚುಕ್ಕೆಗಳಾಗಿ ಬೆಳೆಯುತ್ತವೆ. ಅವುಗಳ ನಡುವೆ ಬೇರೆ ಬೇರೆ ಔಷಧದ ಬಿಲ್ಲೆಗಳನ್ನಿಟ್ಟು, ಯಾವ ಬಿಲ್ಲೆಯ ಸುತ್ತ ಬೆಳೆ ಬರಲಿಲ್ಲವೋ ಆ ಔಷಧ ನಾಟುತ್ತದೆಂದು ತಿಳಿಯುತ್ತಾರೆ. ಎರಡು ದಿನ ಕಾದು ಏನೂ ಬೆಳೆಯದಿದ್ದರೆ ತಟ್ಟೆಯನ್ನು ಎಸೆದು, ಚೀಟಿಯಲ್ಲಿ 'ನೋ ಗ್ರೋತ್' ಎಂದು ಬರೆಯುತ್ತಾರೆ.

ಈ ಎರಡು ಶಬ್ದಗಳ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು.

ನನ್ನ ಚಿಕ್ಕಮ್ಮ ಶಿರಾ ತಾಲ್ಲೂಕಿನ ಒಂದು ಹಳ್ಳಿಯವರು. ಎರಡು ಮಕ್ಕಳಾದ ಮೇಲೆ ಒಂದು ಆಸ್ಪತ್ರೆಯಲ್ಲಿ ಅವರಿಗೆ ಸಂತಾನಹರಣ ಶಸ್ತ್ರಕ್ರಿಯೆಯಾಯಿತು. ಹೊಕ್ಕುಳ ಬಳಿ ಅರ್ಧ ಅಂಗುಲದ ತೂತು ಅಷ್ಟೆ. ಹತ್ತು ದಿನಕ್ಕೆ ಮಾಗಿತು. ಹದಿನೈದನೆಯ ದಿನ ಶೇಂಗಾ ಕೀಳಲು ಹೊಲಕ್ಕೆ ಹೋದರು. ನಾಲ್ಕನೆಯ ವಾರ ಕಳೆಯುವ ಹೊತ್ತಿಗೆ ಮಾಗಿದ ಜಾಗದಲ್ಲಿ ಕಡಲೆಯಷ್ಟು ಗಂಟು ಎದ್ದು, ಸುತ್ತಲ ಚರ್ಮ ಕಪ್ಪಾಗಿ, ನೀರಿನಂಥ ಕೀವು ಜಿನುಗತೊಡಗಿತು. ಜ್ವರವಿಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಮೆಡಿಕಲ್ ಸ್ಟೋರಿನ ಮಾತ್ರೆ ಐದು ದಿನ, ಬಳಿಕ ಬೇರೆ ಮಾತ್ರೆ ಏಳು ದಿನ, ಬಳಿಕ ಇಂಜೆಕ್ಷನ್ನು. ಮನೆಯಲ್ಲಿ ಬದನೆಕಾಯಿ, ಕುಂಬಳಕಾಯಿಗಳಿಗೆ ಬಹಿಷ್ಕಾರ. ಪ್ರತಿ ಸಲವೂ ನಾಲ್ಕು ದಿನ ಒಣಗಿದಂತೆ ಕಂಡು ಮತ್ತೆ ಜಿನುಗುತ್ತಿತ್ತು. ಮೂರನೆಯ ತಿಂಗಳಿಗೆ ಒಂದು ಕಡೆ ಕೀವಿನ ಪರೀಕ್ಷೆ ಮಾಡಿಸಿದರು. ಚೀಟಿ ನನ್ನ ಕೈಗೆ ಬಂತು. 'ಏನೂ ಬೆಳೆದಿಲ್ಲ ಅಂತ ಬರೆದಿದಾರೆ' ಎಂದು ಓದಿ ಹೇಳಿದೆ. ಮನೆಮಂದಿಯೆಲ್ಲ ನಿಟ್ಟುಸಿರು ಬಿಟ್ಟರು. ಚಿಕ್ಕಮ್ಮ ಮಾತ್ರ ಸೀರೆಯ ಅಂಚನ್ನು ಸರಿಸಿ ನೋಡಿಕೊಂಡು, 'ಏನೂ ಇಲ್ದಿದ್ರೆ ಇದು ಸೋರೋದು ಯಾಕವ್ವ?' ಎಂದರು.

ಅಕ್ಷರ ಬಾರದ ಚಿಕ್ಕಮ್ಮ ಕೇಳಿದ ಈ ಪ್ರಶ್ನೆಯೇ ಸರಿಯಾದ ಪ್ರಶ್ನೆಯೆಂದು ನನಗೆ ತಿಳಿದದ್ದು ತುಮಕೂರಿನ ಒಬ್ಬ ಸೂಕ್ಷ್ಮಜೀವಿ ಶಾಸ್ತ್ರದ ವೈದ್ಯೆಯ ಬಾಯಿಂದ. ಆಕೆ ಗಾಯವನ್ನು ನೋಡುವ ಮೊದಲೇ ಕೇಳಿದ್ದು ಎರಡು ಮಾತು. 'ಆಪರೇಷನ್ ಆದ ತಾರೀಖು ಯಾವುದಮ್ಮ? ಗಂಟು ಎದ್ದದ್ದು ಯಾವಾಗ?' ಲೆಕ್ಕ ಹಾಕಿ, 'ಇದಕ್ಕೆ ಬೇರೆ ಬಣ್ಣ ಹಾಕಿ ನೋಡಬೇಕು' ಎಂದರು.

'ನೋ ಗ್ರೋತ್' ಎಂದರೆ ಜೀವಿಯೇ ಇಲ್ಲವೆಂದು ಅರ್ಥವಲ್ಲ. ಈ ಆಹಾರದ ಮೇಲೆ, ಈ ಶಾಖದಲ್ಲಿ, ಈ ಎರಡು ದಿನಗಳಲ್ಲಿ ಯಾವುದೂ ಬೆಳೆಯಲಿಲ್ಲವೆಂದಷ್ಟೇ ಅರ್ಥ. ಎರಡೇ ದಿನ ಕಾದು ಹುಣಸೆಬೀಜ ಮೊಳೆಯಲಿಲ್ಲವೆಂದು ಮಡಿಯನ್ನು ಅಗೆದು ಹಾಕಿದರೆ ತಪ್ಪು ಬೀಜದ್ದೆ?

ಮೂರು ನಾಲ್ಕು ವಾರಗಳ ಮೇಲೆ, ಮಾಗಿದ ಗಾಯದಲ್ಲಿ, ಜ್ವರವಿಲ್ಲದೆ, ಗಂಟು ಕಟ್ಟಿ ಜಿನುಗುವ ಈ ನಂಜಿಗೆ ಕಾರಣ ಹಲವು ವೇಳೆ ಮೈಕೊಬ್ಯಾಕ್ಟೀರಿಯಮ್ ಎಂಬ ವಂಶದ ಜೀವಿಗಳು. ಈ ವಂಶ ಜಗತ್ಪ್ರಸಿದ್ಧವಾದದ್ದು. ೧೮೭೩ರಲ್ಲಿ ಹ್ಯಾನ್ಸೆನ್ ಕಂಡ ಕುಷ್ಠದ ದಂಡಾಣು, ೧೮೮೨ರಲ್ಲಿ ಕಾಕ್ ಕಂಡ ಕ್ಷಯದ ದಂಡಾಣು ಎರಡೂ ಈ ಮನೆತನದವು. ಆದರೆ ಇವಕ್ಕೆ ಮಣ್ಣಿನಲ್ಲಿ, ನಲ್ಲಿಯ ನೀರಿನಲ್ಲಿ, ಕೊಳವೆಯ ಒಳಗೋಡೆಯ ಲೋಳೆಯಲ್ಲಿ ಬದುಕುವ ಬಡ ಸೋದರರು ಬಹಳ ಮಂದಿ. ಕಿಲೋನೆ, ಫಾರ್ಚುಯಿಟಮ್, ಅಬ್ಸೆಸಸ್ ಎಂಬುವು ಅವುಗಳಲ್ಲಿ ಕೆಲವು. ಕಿಲೋನೆ ಎಂದರೆ ಆಮೆಗೆ ಸಂಬಂಧಿಸಿದ್ದು. ೧೯೦೩ರಲ್ಲಿ ಮೊದಲು ಸಿಕ್ಕಿದ್ದು ಕಡಲಾಮೆಗಳಲ್ಲಿ. ಕುಡಿಯುವ ನೀರಿನಲ್ಲಿ ಇವು ಹೊಟ್ಟೆಗೆ ಹೋದರೆ ಆರೋಗ್ಯವಂತರಿಗೆ ಏನೂ ಆಗುವುದಿಲ್ಲ. ನೀರಿಗೆ ಹಾಕುವ ಕ್ಲೋರಿನ್ನನ್ನೂ ಇವು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೆ ಚರ್ಮದ ಬಾಗಿಲನ್ನು ಶಸ್ತ್ರ ತೆರೆದುಕೊಟ್ಟು, ಆ ಶಸ್ತ್ರದ ಮೇಲೆಯೇ ಇವು ಸವಾರಿಮಾಡಿ ಒಳಹೊಕ್ಕರೆ, ಕೊಬ್ಬಿನ ಪದರದಲ್ಲಿ ಬೀಡುಬಿಟ್ಟು ನಿಧಾನವಾಗಿ ಮನೆ ಕಟ್ಟುತ್ತವೆ.

ಗ್ರಾಮ್‌ನ ಬಣ್ಣಕ್ಕೆ ಇವು ಸರಿಯಾಗಿ ಸಿಕ್ಕುವುದಿಲ್ಲ. ಇವುಗಳ ಮೈಗೆ ಮೇಣದಂಥ ಕವಚವುಂಟು. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೊಂಡರೆ ಅಂಟು ಹತ್ತದು ನೋಡಿ, ಹಾಗೆ. ಆದ್ದರಿಂದ ಝೀಲ್ ಮತ್ತು ನೀಲ್ಸನ್ ಎಂಬ ಜರ್ಮನರ ಹೆಸರಿನ ಬೇರೊಂದು ಕ್ರಮ ಬೇಕು. ಕೆಂಪು ಬಣ್ಣವನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಕೆಳಗಿನಿಂದ ಕಾಯಿಸುತ್ತಾರೆ. ಶಾಖಕ್ಕೆ ಮೇಣ ಮೆತ್ತಗಾಗಿ ಬಣ್ಣ ಒಳಗೆ ಹೋಗುತ್ತದೆ. ಆರಿದ ಮೇಲೆ ಗಂಧಕಾಮ್ಲದಿಂದ ತೊಳೆದರೆ ಉಳಿದ ಜೀವಿಗಳೆಲ್ಲ ಬಣ್ಣ ಕಳೆದುಕೊಳ್ಳುತ್ತವೆ, ಇವು ಕಳೆದುಕೊಳ್ಳುವುದಿಲ್ಲ. ಬಳಿಕ ನೀಲಿಯ ಹಿನ್ನೆಲೆ ಕೊಟ್ಟು ನೋಡಿದರೆ ನೀಲಿಯಲ್ಲಿ ಕೆಂಪು ಕಡ್ಡಿಗಳು. ಇದು ಕ್ಷಯದ ಕಫ ಪರೀಕ್ಷೆಯ ಕ್ರಮವೇ. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದೇನಲ್ಲ. ಬಣ್ಣದ ಸೀಸೆಗಳು ಕಪಾಟಿನಲ್ಲಿರುತ್ತವೆ. ಕೀವಿಗೂ ಅದನ್ನು ಹಾಕಿ ನೋಡಿರೆಂದು ಯಾರಾದರೂ ಚೀಟಿಯಲ್ಲಿ ಬರೆಯಬೇಕು, ಅಷ್ಟೆ. ಬೆಳೆಸಿ ನೋಡಬೇಕಾದರೆ ಮೊಟ್ಟೆಯಿಂದ ಮಾಡಿದ, ಪಾಚಿಬಣ್ಣದ ಲೋವೆನ್‌ಸ್ಟೈನ್-ಜೆನ್ಸನ್ ಆಹಾರ ಬೇಕು. ಕ್ಷಯದ ದಂಡಾಣು ಅದರ ಮೇಲೆ ಕಾಣಿಸಿಕೊಳ್ಳಲು ಹಲವು ವಾರ ತೆಗೆದುಕೊಂಡರೆ ಈ ನೀರಿನ ಸೋದರರು ಒಂದು ವಾರದೊಳಗೆ ಬರುತ್ತಾರೆ. ಸಾಮಾನ್ಯ ತಟ್ಟೆಯ ಮೇಲೂ ನಾಲ್ಕೈದು ದಿನ ಇಟ್ಟರೆ ಬಂದಾರು. ಎರಡನೆಯ ದಿನವೇ ತಟ್ಟೆ ಕಸಕ್ಕೆ ಹೋಗುವುದರಿಂದ ಬರುವುದಿಲ್ಲ.

ಇಲ್ಲಿ ಇನ್ನೊಂದು ಹಳ್ಳವುಂಟು. ಕೆಂಪು ಕಡ್ಡಿ ಕಂಡ ಕೂಡಲೆ 'ಟಿ.ಬಿ.' ಎಂದು ಬರೆದುಬಿಡುವ ಅಪಾಯ. ನಮ್ಮ ಜಿಲ್ಲೆಗೂ ಕ್ಷಯಕ್ಕೂ ಹಳೆಯ ನಂಟು. ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತನ್ನ ಮೊದಲ ದೊಡ್ಡ ಸಮೀಕ್ಷೆಯನ್ನು ನಡೆಸಿದ್ದೇ ತುಮಕೂರು ಜಿಲ್ಲೆಯಲ್ಲಿ, ೧೯೬೦-೬೧ರಲ್ಲಿ. ಹೀಗಿರಲು ಮಾಂಸದ ಚೂರಿನ ಪರೀಕ್ಷೆಯಲ್ಲಿ ಕ್ಷಯದಂಥ ಗಂಟುಗಳು ಕಂಡಾಗ ವೈದ್ಯರ ಮನಸ್ಸು ಆ ಕಡೆಗೇ ಹೋಗುವುದು ಸಹಜ. ಆದರೆ ಕ್ಷಯಕ್ಕೆ ಆರು ತಿಂಗಳು ಕೊಡುವ ಸಾಮಾನ್ಯ ಔಷಧಗಳು ಕಿಲೋನೆ, ಅಬ್ಸೆಸಸ್ ಜಾತಿಗಳಿಗೆ ನಾಟುವುದಿಲ್ಲ. ಆರು ತಿಂಗಳು ಮಾತ್ರೆ ನುಂಗಿ, ಊರವರಿಂದ 'ಅವಳಿಗೆ ಟಿ.ಬಿ. ಅಂತೆ' ಎನಿಸಿಕೊಂಡು, ಗಾಯ ಇದ್ದಲ್ಲೇ ಇರುತ್ತದೆ. ಎರಡನೆಯ ನೋವು ಮೊದಲನೆಯದಕ್ಕಿಂತ ಸಣ್ಣದೆಂದು ನನಗೆ ತೋರುವುದಿಲ್ಲ.

ಈ ಗೊಂದಲವನ್ನು ಬಿಡಿಸಲು ಇಂದು ಒಂದು ಸುಲಭ ಉಪಾಯವಿದೆ. ಕ್ಷಯದ ದಂಡಾಣುವಿನ ವಂಶಾಕ್ಷರವನ್ನು ಕೆಲವೇ ಗಂಟೆಗಳಲ್ಲಿ ಓದುವ ಯಂತ್ರಗಳು ತಾಲ್ಲೂಕು ಮಟ್ಟದವರೆಗೂ ಬಂದಿವೆ. ಸಿಬಿನಾಟ್ ಎಂದೂ, ಬೆಂಗಳೂರಿನ ಪ್ರಯೋಗಶಾಲೆಯೊಂದರ ಶ್ರಮದಿಂದ ರೂಪುಗೊಂಡ ಟ್ರೂನಾಟ್ ಎಂದೂ ಅವಕ್ಕೆ ಹೆಸರು. ಅದೇ ಕೀವನ್ನು ಎರಡು ಪಾಲು ಮಾಡಿ, ಒಂದಕ್ಕೆ ಕೆಂಪು ಬಣ್ಣ ಹಾಕಿ, ಇನ್ನೊಂದನ್ನು ಯಂತ್ರಕ್ಕೆ ಕೊಟ್ಟರೆ: ಬಣ್ಣದಲ್ಲಿ ಕಡ್ಡಿಗಳಿವೆ, ಯಂತ್ರ ಮಾತ್ರ ಕ್ಷಯವಿಲ್ಲವೆನ್ನುತ್ತದೆ. ಎರಡು ಉತ್ತರಗಳ ಈ ಜಗಳದಲ್ಲಿಯೇ ರೋಗನಿರ್ಣಯ ಅಡಗಿದೆ. ಇದು ಕ್ಷಯದ ಸೋದರನಿರಬೇಕೆಂದು ಅನುಮಾನ ಗಟ್ಟಿಯಾಗುತ್ತದೆ. ಬೆಳೆಸಿ ನೋಡಿ ಜಾತಿಯನ್ನು ಹೇಳುವುದು ದೊಡ್ಡ ಪ್ರಯೋಗಶಾಲೆಯ ಕೆಲಸ. ಚಿಕ್ಕಮ್ಮನ ವಿಷಯದಲ್ಲಿ ಆದದ್ದೂ ಇದೇ. ಕ್ಲಾರಿಥ್ರೊಮೈಸಿನ್ ಮೊದಲಾದ ಔಷಧಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡು, ಗಂಟನ್ನೂ ಕೆತ್ತಿ ತೆಗೆಸಿಕೊಂಡ ಮೇಲೆ ಗಾಯ ಮುಚ್ಚಿತು. ಬದನೆಕಾಯಿಗೂ ಕ್ಷಮಾದಾನ ಸಿಕ್ಕಿತು.

ಈ ಜೀವಿ ಶಸ್ತ್ರದ ಮೇಲೆ ಸವಾರಿ ಮಾಡಿದ್ದು ಹೇಗೆ? ಕತ್ತರಿ, ಚಿಮುಟಗಳಂಥ ಲೋಹದ ಸಲಕರಣೆಗಳನ್ನು ಆಟೋಕ್ಲೇವಿನಲ್ಲಿ ಬೇಯಿಸುತ್ತಾರೆ. ಅದು ನಮ್ಮ ಅಡಿಗೆಮನೆಯ ಕುಕ್ಕರಿನ ಅಣ್ಣನೆನ್ನಬಹುದು. ಒತ್ತಡದಲ್ಲಿ ಆವಿ ೧೨೧ ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಯಾವ ಜೀವಿಯೂ ಉಳಿಯುವುದಿಲ್ಲ. ಆದರೆ ಲ್ಯಾಪರೋಸ್ಕೋಪ್ ಎಂಬ ಉದರದರ್ಶಕ ನಳಿಗೆಯೊಳಗೆ ಮಸೂರಗಳಿವೆ, ಅಂಟಿವೆ. ಹಳೆಯ ಮಾದರಿಗಳು ಆ ಶಾಖವನ್ನು ತಾಳವು. ಅದಕ್ಕಾಗಿ ಅದನ್ನು ನೂರಕ್ಕೆ ಎರಡರ ಪ್ರಮಾಣದ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ನೆನೆಹಾಕುವ ಪದ್ಧತಿ ಬಂತು. ಎಲ್ಲ ಜೀವಿಗಳನ್ನೂ ನಾಶಮಾಡಲು ಎಂಟು ಹತ್ತು ಗಂಟೆ ಬೇಕು. ಎರಡು ಶಸ್ತ್ರಕ್ರಿಯೆಗಳ ನಡುವೆ ಸಿಗುವುದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಬಹುಪಾಲು ಜೀವಿಗಳಿಗೆ ಸಾಕು. ಮೇಣದ ಅಂಗಿ ತೊಟ್ಟ ನಮ್ಮ ಕಥಾನಾಯಕನ ಕೆಲವು ತಳಿಗಳಿಗೆ ಸಾಲದು. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಹೆಜ್ಜೆ. ದ್ರಾವಣ ಮೈಗೆ ಸೋಕಬಾರದೆಂದು ನಳಿಗೆಯನ್ನು ನೀರಿನಲ್ಲಿ ತೊಳೆಯುತ್ತಾರೆ. ಆ ನೀರು ಯಾವುದು? ೨೦೦೬ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಭಾರತದ ಒಂದು ಆಸ್ಪತ್ರೆಯ ವರದಿಯಲ್ಲಿ ಉದರದರ್ಶಕ ಶಸ್ತ್ರಕ್ರಿಯೆಯಾದ ೩೫ ಮಂದಿಗೆ ಕಿಲೋನೆ ಸೋಂಕು ತಗುಲಿತ್ತು. ಹುಡುಕಿ ನೋಡಿದರೆ ಮೂಲ ಸಿಕ್ಕಿದ್ದು ಶುದ್ಧಗೊಳಿಸಿದ ಸಲಕರಣೆಗಳನ್ನು ಕೊನೆಯಲ್ಲಿ ತೊಳೆಯುತ್ತಿದ್ದ ನೀರಿನಲ್ಲಿ. ಹೊಸ ಪಾತ್ರೆ ಬೆಳಗಿ, ಕೊನೆಗೆ ಬಚ್ಚಲ ನೀರಿನಲ್ಲಿ ಅದ್ದಿ ತೆಗೆದಂತಾಯಿತು. ನಮ್ಮ ಊರುಗಳಲ್ಲಿ ಫ್ಲೋರೈಡಿನ ಭಯಕ್ಕೆ 'ಶುದ್ಧ ನೀರಿನ ಘಟಕ'ದ ಕ್ಯಾನು ತರುವುದು ರೂಢಿ. ಕುಡಿಯಲು ಶುದ್ಧವಾದ ನೀರು ಶಸ್ತ್ರಕ್ಕೂ ಶುದ್ಧವೆಂದು ತಿಳಿಯಬಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ಒಂದು ತಂಡ ಒಂದು ದಿನದಲ್ಲಿ ಉದರದರ್ಶಕದಿಂದ ೩೦ಕ್ಕಿಂತ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆ ಮಾಡಕೂಡದು, ಅದೂ ಮೂರು ನಳಿಗೆಗಳಿದ್ದರೆ ಮಾತ್ರ ಎಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ಎಂದರೆ ನಳಿಗೆಯೊಂದಕ್ಕೆ ೧೦. ಪ್ರತಿ ಸಲ ೨೦ ನಿಮಿಷದಂತೆ ನೆನೆಸಲಿಕ್ಕೇ ೩ ಗಂಟೆ ೨೦ ನಿಮಿಷ. ನಳಿಗೆ ಒಂದೇ ಇದ್ದು, ಹೊರಗೆ ಮೂವತ್ತು ಜನ ಉಪವಾಸವಿದ್ದು ಕಾದಿದ್ದರೆ, ಕತ್ತರಿ ಬೀಳುವುದು ಯಾವ ನಿಮಿಷಗಳಿಗೆ? ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ೨೦೧೪ರ ನವೆಂಬರಿನಲ್ಲಿ ಕೆಲವೇ ಗಂಟೆಗಳಲ್ಲಿ ಎಂಭತ್ತಕ್ಕೂ ಹೆಚ್ಚು ಮಹಿಳೆಯರಿಗೆ ಈ ಶಸ್ತ್ರಕ್ರಿಯೆ ಮಾಡಿದ ಶಿಬಿರದ ಬಳಿಕ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ೨೦೧೬ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ತೀರ್ಪಿತ್ತಿತು.

ನಮ್ಮ ಒಣನಾಡಿಗಿಂತ ಕರಾವಳಿಗೆ ಹೆಚ್ಚು ಸಂಬಂಧಿಸಿದ್ದಾದರೂ ಇದೇ ಜಾಡಿನ ಇನ್ನೊಂದು ಉದಾಹರಣೆಯನ್ನು ಹೇಳಿಬಿಡುತ್ತೇನೆ. ಮೆಲಿಯಾಯ್ಡೋಸಿಸ್ ಎಂಬ ರೋಗವನ್ನು ೧೯೧೧ರಲ್ಲಿ ರಂಗೂನಿನಲ್ಲಿ ಕಂಡವರು ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ. ಕೆಸರು ಮಣ್ಣಿನಲ್ಲಿರುವ ಜೀವಿ. ಮಳೆಗಾಲದಲ್ಲಿ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಿಗೆ ತಗುಲುತ್ತದೆ. ಉಡುಪಿ, ದಕ್ಷಿಣ ಕನ್ನಡಗಳಿಂದ ವರದಿಯಾಗಿದೆ. ಇದು ತಟ್ಟೆಯ ಮೇಲೆ ಸುಲಭವಾಗಿಯೇ ಬೆಳೆಯುತ್ತದೆ. ಆದರೆ ನೀರಿನಿಂದ ಬಂದು ಬೆರೆತ ಸಾಧಾರಣ ಸ್ಯೂಡೊಮೊನಾಸ್ ಇರಬೇಕೆಂದು ತಿಳಿದು ಬದಿಗೊತ್ತಿಬಿಡುವ ಸಂಭವವುಂಟು. ಅಲ್ಲಿ ಬೆಳೆಯಲಿಲ್ಲವೆಂಬ ತೊಡಕು, ಇಲ್ಲಿ ಬೆಳೆದರೂ ಗುರುತಿಸಲಿಲ್ಲವೆಂಬ ತೊಡಕು. ಎರಡಕ್ಕೂ ಮದ್ದು ಒಂದೇ: ರೋಗಿ ಯಾರು, ಕಸುಬೇನು, ಎಷ್ಟು ದಿನದ ಗಾಯ, ಯಾವ ಔಷಧ ಈಗಾಗಲೇ ಆಗಿದೆ ಎಂಬುದು ಕೀವಿನ ಜೊತೆ ಪ್ರಯೋಗಶಾಲೆಗೆ ಹೋಗಬೇಕು. ಚೀಟಿಯಲ್ಲಿ ಬರಿಯ 'ಕೀವು' ಎಂದಿದ್ದರೆ ಒಳಗೆ ಕುಳಿತವರಾದರೂ ಏನು ಮಾಡಿಯಾರು?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ವಿವರಗಳು ದಾರಿಯಲ್ಲೇ ಉದುರಿಹೋಗುತ್ತವೆ. ಕೊರಟಗೆರೆಯವರಿಗೆ ತುಮಕೂರು ಹತ್ತಿರ. ಪಾವಗಡದಿಂದ ಸುಮಾರು ೧೦೦ ಕಿಲೋಮೀಟರು. ಸುತ್ತ ಆಂಧ್ರವಾದುದರಿಂದ ಹಿಂದೂಪುರದ ಕಡೆಗೆ ಹೋಗುವವರೂ ಉಂಟು. ಶಸ್ತ್ರಕ್ರಿಯೆ ಒಂದು ಊರಿನಲ್ಲಿ, ಡ್ರೆಸ್ಸಿಂಗ್ ಇನ್ನೊಂದು ಊರಿನಲ್ಲಿ, ಪರೀಕ್ಷೆ ಮತ್ತೊಂದು ಊರಿನಲ್ಲಿ. ಶಸ್ತ್ರ ಹಿಡಿದವರಿಗೆ ತಮ್ಮ ಹತ್ತು ರೋಗಿಗಳಲ್ಲಿ ಮೂವರಿಗೆ ತಿಂಗಳ ಮೇಲೆ ಗಂಟು ಎದ್ದಿತೆಂದು ತಿಳಿಯುವುದೇ ಇಲ್ಲ. ಮೂವರೂ ಮೂರು ಮೆಡಿಕಲ್ ಸ್ಟೋರುಗಳಲ್ಲಿ ಬೇರೆ ಬೇರೆಯಾಗಿ ಮಾತ್ರೆ ಕೊಳ್ಳುತ್ತಿರುತ್ತಾರೆ. ಒಬ್ಬರ ನಂಜು ಅದೃಷ್ಟವೆನಿಸೀತು. ಮೂವರದು ಒಂದೆಡೆ ಸೇರಿದರೆ ತೊಳೆಯುವ ನೀರಿನ ತೊಟ್ಟಿಯತ್ತ ಬೆರಳು ತೋರುತ್ತದೆ. ಹಳ್ಳಿಯಲ್ಲಿ ಇದನ್ನು ಮೊದಲು ಗಮನಿಸಬಲ್ಲವರು ಆಶಾ ಕಾರ್ಯಕರ್ತೆಯರು. ಶಸ್ತ್ರಕ್ರಿಯೆಯಾದವರ ಮನೆಗೆ ಹತ್ತನೆಯ ದಿನದ ಬಳಿಕ ಮೂವತ್ತನೆಯ ದಿನವೂ ಒಮ್ಮೆ ಹೋಗಿ ನೋಡುವಂತಾದರೆ ಎಷ್ಟೋ ಅನುಕೂಲವಾದೀತೆಂದು ನನ್ನ ಅಭಿಪ್ರಾಯ.

ಇನ್ನು ಚೀಟಿ ಓದಬಲ್ಲ ನಮ್ಮಂಥವರ ಪಾಲಿಗೆ ಉಳಿಯುವ ಕೆಲಸ. ಡಿಸ್‌ಚಾರ್ಜ್ ಚೀಟಿಯನ್ನು ಬಿಸಾಡದೆ ಇಟ್ಟು, ಅದರ ಬೆನ್ನಿಗೆ ಗಂಟು ಕಂಡ ತಾರೀಖು, ತೆಗೆದುಕೊಂಡ ಮಾತ್ರೆಗಳ ಹೆಸರು ಬರೆದಿಡಬೇಕು. ಹೊಸ ಮಾತ್ರೆ ಶುರುಮಾಡುವ ಮೊದಲೇ ಪರೀಕ್ಷೆಗೆ ಕೊಡುವುದು ಮೇಲು. ಔಷಧ ಮೈಯಲ್ಲಿದ್ದಾಗ ತಟ್ಟೆಯ ಮೇಲೆ ಬೆಳೆ ಬರುವುದು ಕಷ್ಟ. ಹತ್ತಿಯ ಕಡ್ಡಿಯಲ್ಲಿ ಸವರಿದ ಕೀವಿಗಿಂತ ಸಿರಿಂಜಿನಲ್ಲಿ ಎಳೆದ ಕೀವು, ಅದಕ್ಕಿಂತ ಗಂಟಿನಿಂದ ತೆಗೆದ ಮಾಂಸದ ಚೂರು ಹೆಚ್ಚು ಸತ್ಯ ಹೇಳುತ್ತದೆ. ಆ ಚೂರನ್ನು ರೂಢಿಯಂತೆ ಫಾರ್ಮಲಿನ್ ಸೀಸೆಗೆ ಹಾಕಿಬಿಟ್ಟರೆ ಮಾಂಸ ಕೆಡುವುದಿಲ್ಲ ನಿಜ, ಅದರೊಳಗಿನ ಜೀವಿಗಳೂ ಸತ್ತುಹೋಗುತ್ತವೆ. ಆಮೇಲೆ ಎಷ್ಟು ವಾರ ಕಾದರೂ ಏನೂ ಬೆಳೆಯದು. ಚೂರನ್ನು ಎರಡು ಮಾಡಿ, ಒಂದನ್ನು ಫಾರ್ಮಲಿನ್‌ನಲ್ಲಿಯೂ ಇನ್ನೊಂದನ್ನು ಕ್ರಿಮಿರಹಿತವಾದ ಬರಿಯ ಸಲೈನ್ ನೀರಿನಲ್ಲಿಯೂ ಹಾಕಿಕೊಡಿರೆಂದು ಕೇಳಬೇಕು. ಎರಡನೆಯ ಸೀಸೆಯ ಮೇಲೆ 'ಶಸ್ತ್ರಕ್ರಿಯೆಯಾದ ನಾಲ್ಕನೆಯ ವಾರದ ಗಂಟು. ಝೀಲ್-ನೀಲ್ಸನ್ ಬಣ್ಣ ಹಾಕಿ ನೋಡುವುದು. ತಟ್ಟೆಯನ್ನು ಏಳು ದಿನ ಇಡುವುದು' ಎಂದು ವೈದ್ಯರಿಂದ ಬರೆಸಿಕೊಂಡು, ಅದೇ ದಿನದ ಬಸ್ಸಿಗೆ ತುಮಕೂರಿಗೆ ಹೊರಡಬೇಕು.